ವಿಳಾಸ ಸಿಕ್ಕಿತು, ವ್ಯಕ್ತಿ ಸಿಕ್ಕನೇ?

2007ರ ಆಗಸ್ಟ್ ಅಂತ್ಯದಲ್ಲಿ ಪುಣೆಯ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಬಂಧಿಸಿ ಕರೆದೊಯ್ದರು. ಆಗ ಯುವಜನರಲ್ಲಿ ಬಹು ಜನಪ್ರಿಯವಾಗಿದ್ದ ಆರ್ಕುಟ್ ಜಾಲತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಹೇಳನ ಮಾಡುವ ಚಿತ್ರವನ್ನು ಪ್ರಕಟಿಸಿದರೆಂಬುದು ಅವರ ಮೇಲಿನ ಆರೋಪ. ಆ ಚಿತ್ರವನ್ನು ಅವರು ಹಾಕುವುದನ್ನು ಯಾರೂ ನೋಡಿರಲಿಲ್ಲ. ಪೊಲೀಸರನ್ನು ಅವರ ಮನೆಗೆ ಕರೆತಂದದ್ದು ನಾಲ್ಕು ಅಂಕಿಗಳ ಒಂದು ಗುಚ್ಛ. ಅಂದರೆ, ಒಂದು ಐಪಿ ವಿಳಾಸ. ಆ ವಿಳಾಸವನ್ನು ಜಾಲತಾಣದ ಒಡೆತನದ ಕಂಪನಿ ನೀಡಿತ್ತು. ಅದು ಯಾವ ಗ್ರಾಹಕರದೆಂಬುದನ್ನು ಇಂಟರ್ನೆಟ್ ಸೇವಾ ಕಂಪನಿ ತಿಳಿಸಿತ್ತು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು.

ಐವತ್ತು ದಿನ ಅವರು ಸೆರೆಯಲ್ಲಿದ್ದರು. ಆನಂತರ ಗೊತ್ತಾದ ಸಂಗತಿ ಇಷ್ಟೇ: ಆ ವಿಳಾಸ ಆ ಹೊತ್ತಿನಲ್ಲಿ ಅವರದ್ದಾಗಿರಲೇ ಇಲ್ಲ. ಚಿತ್ರ ಪ್ರಕಟವಾದದ್ದು ಮಧ್ಯಾಹ್ನದ 1 ಗಂಟೆ 15 ನಿಮಿಷಕ್ಕೋ ಮಧ್ಯರಾತ್ರಿ ಕಳೆದ ಮೇಲಿನ 1 ಗಂಟೆ 15 ನಿಮಿಷಕ್ಕೋ ಎಂಬುದು ಪತ್ರವ್ಯವಹಾರದಲ್ಲಿ ಸ್ಪಷ್ಟವಾಗಿರಲಿಲ್ಲ. ಹನ್ನೆರಡು ಗಂಟೆಗಳ ಆ ಅಂತರದಲ್ಲಿ ಅದೇ ವಿಳಾಸ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗಿತ್ತು. ಪತ್ರಿಕಾ ವರದಿಗಳನ್ನು ಗಮನಿಸಿದ ಮಹಾರಾಷ್ಟ್ರದ ಮಾನವ ಹಕ್ಕುಗಳ ಆಯೋಗ, ಅವರಿಗೆ 2 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಸೇವಾ ಕಂಪನಿಗೆ ಆದೇಶಿಸಿತು. ನಿರಪರಾಧಿಯೊಬ್ಬನ ಐವತ್ತು ದಿನಗಳಿಗೆ ಇದು ತಕ್ಕ ಬೆಲೆಯೇ ಎಂಬ ಪ್ರಶ್ನೆಯನ್ನು ಓದುಗರೇ ಕೇಳಿಕೊಳ್ಳಲಿ.

ಈ ಪ್ರಕರಣ ಹಳೆಯದು. ಆರ್ಕುಟ್ ಕೂಡ 2014ರಲ್ಲಿ ಮುಚ್ಚಿಹೋಯಿತು. ಆದರೆ ಆ ಬಂಧನದ ಹಿಂದೆ ಇದ್ದ ತಪ್ಪು ಕಲ್ಪನೆ ಇಂದಿಗೂ ಜೀವಂತವಾಗಿದೆ. ಐಪಿ ವಿಳಾಸವೆಂದರೆ ಅಂತರ್ಜಾಲದ ಬೆರಳಚ್ಚು, ಅದು ಸಿಕ್ಕರೆ ಅಪರಾಧಿ ಸಿಕ್ಕಂತೆಯೇ ಎಂದು ನಂಬಿರುವವರು ಪೊಲೀಸರಲ್ಲಿದ್ದಾರೆ, ವಕೀಲರಲ್ಲಿದ್ದಾರೆ, ನಮ್ಮ ನಿಮ್ಮ ನಡುವೆಯೂ ಇದ್ದಾರೆ. ಈ ನಂಬಿಕೆ ಎಷ್ಟು ಸರಿ ಎಂದು ತಿಳಿಯಬೇಕಾದರೆ ಆ ವಿಳಾಸ ನಿಜವಾಗಿ ಏನನ್ನು ಗುರುತಿಸುತ್ತದೆ ಎಂಬುದನ್ನು ಮೊದಲು ನೋಡಬೇಕು.

ಇಂದಿಗೂ ಬಳಕೆಯಲ್ಲಿರುವ ಐಪಿವಿ4 ಪದ್ಧತಿ 1981ರಲ್ಲಿ ರೂಪುಗೊಂಡಿತು. 1983ರ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ಈ ಪದ್ಧತಿಗೆ ಬದಲಾಯಿತು. ಚುಕ್ಕಿಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳಲ್ಲಿ ಪ್ರತಿಯೊಂದೂ ಸೊನ್ನೆಯಿಂದ 255ರವರೆಗೆ ಇರಬಹುದು. ಈ ವಿಳಾಸಕ್ಕೆ ಎರಡು ಭಾಗಗಳಿವೆ. ಮೊದಲ ಭಾಗ ಜಾಲವನ್ನು ಸೂಚಿಸುತ್ತದೆ, ಎರಡನೆಯದು ಆ ಜಾಲದೊಳಗಿನ ಸಾಧನವನ್ನು. ಜಾಲದ ಭಾಗ ಎಲ್ಲಿ ಮುಗಿಯುತ್ತದೆ, ಸಾಧನದ ಭಾಗ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಹೇಳಲು ಬೇರೊಂದು ಸೂಚಕವಿರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಅನೇಕರು ಕಂಡಿರಬಹುದಾದ 255.255.255.0 ಎಂಬ ಅಂಕಿ ಅದೇ. ಮೊದಲ ಮೂರು ಸಂಖ್ಯೆಗಳು ಜಾಲಕ್ಕೆ ಸೇರಿದವು, ಕೊನೆಯದೊಂದು ಮಾತ್ರ ಸಾಧನಕ್ಕೆ ಎಂದು ಅದರ ಅರ್ಥ.

ಅಂಚೆಯ ಪಿನ್‌ಕೋಡಿನ ರೀತಿಯೂ ಇದೇ. ದೆಹಲಿಯಲ್ಲಿ ಕಾಗದಗಳನ್ನು ವಿಂಗಡಿಸುವವನಿಗೆ ಬಸವನಗುಡಿಯ ಯಾವ ಅಡ್ಡರಸ್ತೆ, ಎಷ್ಟನೇ ಮನೆ ಎಂಬುದು ಬೇಕಿಲ್ಲ. 560 ಎಂಬ ಮೂರು ಅಂಕಿ ಕಂಡರೆ ಸಾಕು, ಕಾಗದ ಬೆಂಗಳೂರಿನ ಚೀಲಕ್ಕೆ ಬೀಳುತ್ತದೆ. ಮನೆಯನ್ನು ಹುಡುಕುವುದು ಬಡಾವಣೆಯ ಅಂಚೆಯಣ್ಣನ ಕೆಲಸ. ಅಂತರ್ಜಾಲದ ರೌಟರ್‌ಗಳೂ ಹಾಗೆಯೇ ಜಾಲದ ಭಾಗವನ್ನು ಮಾತ್ರ ನೋಡಿ ಮಾಹಿತಿಯನ್ನು ಮುಂದಕ್ಕೆ ದಾಟಿಸುತ್ತವೆ. ಜಗತ್ತಿನ ಕೋಟ್ಯಂತರ ಸಾಧನಗಳ ಪಟ್ಟಿಯನ್ನು ಅವು ಇಟ್ಟುಕೊಳ್ಳಬೇಕಿಲ್ಲ. ಅಂತರ್ಜಾಲ ಇಷ್ಟು ಅಗಾಧವಾಗಿ ಬೆಳೆಯಲು ಸಾಧ್ಯವಾದದ್ದು ಈ ಸರಳ ಉಪಾಯದಿಂದ. ಈ ವ್ಯವಸ್ಥೆಯ ಉದ್ದೇಶ ಮಾಹಿತಿಯನ್ನು ತಲುಪಿಸುವುದು. ಯಾರನ್ನೂ ಪತ್ತೆ ಹಚ್ಚುವುದಕ್ಕಾಗಿ ಇದನ್ನು ರೂಪಿಸಲಿಲ್ಲ ಎಂಬುದನ್ನು ನೆನಪಿಡಬೇಕು.

ತೊಡಕು ಆರಂಭವಾದದ್ದು ವಿಳಾಸಗಳ ಬರದಿಂದ. ಐಪಿವಿ4ರಲ್ಲಿ ಸಾಧ್ಯವಿರುವ ಒಟ್ಟು ವಿಳಾಸಗಳು ಸುಮಾರು 429 ಕೋಟಿ. 1981ರಲ್ಲಿ ಜಗತ್ತಿನ ಜನಸಂಖ್ಯೆಯೇ ಸುಮಾರು 450 ಕೋಟಿ ಇತ್ತು. ತಲೆಗೊಂದರಂತೆ ಹಂಚಿದರೂ ಸಾಲದಷ್ಟು ವಿಳಾಸಗಳನ್ನು ಆರಂಭದ ದಿನಗಳಲ್ಲಿ ಧಾರಾಳವಾಗಿ ಕೊಡಲಾಯಿತು. ಅಮೆರಿಕದ ಎಂಐಟಿ ಎಂಬ ಒಂದೇ ಶಿಕ್ಷಣ ಸಂಸ್ಥೆಯ ಬಳಿ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳಿದ್ದವು. ಅವುಗಳಲ್ಲಿ ಒಂದು ಭಾಗವನ್ನು ಅದು ಮಾರಲು ನಿರ್ಧರಿಸಿದ್ದು 2017ರಲ್ಲಿ. ಪಂಕ್ತಿಯಲ್ಲಿ ತಡವಾಗಿ ಕುಳಿತ ಭಾರತದಂಥ ದೇಶಗಳ ಎಲೆಗೆ ಬಿದ್ದದ್ದು ಕಡಿಮೆ. 2011ರ ಫೆಬ್ರುವರಿಯಲ್ಲಿ ಜಾಗತಿಕ ಭಂಡಾರ ಬರಿದಾಯಿತು. ಅದೇ ಏಪ್ರಿಲ್‌ನಲ್ಲಿ ಏಷ್ಯಾ-ಪೆಸಿಫಿಕ್ ವಲಯದ ಹಂಚಿಕೆ ಸಂಸ್ಥೆ ಕೊನೆಯ ಕಂತನ್ನು ಮುಟ್ಟಿ, ಪಡಿತರದಂತೆ ಅಳೆದು ಕೊಡತೊಡಗಿತು.

ಬರವಿದ್ದಲ್ಲಿ ಹಂಚಿಕೊಂಡು ಬಾಳುವುದು ಅನಿವಾರ್ಯ. ಇಂಜಿನಿಯರುಗಳು ಎರಡು ಉಪಾಯ ಕಂಡುಕೊಂಡರು. ಮೊದಲನೆಯದು, ವಿಳಾಸವನ್ನು ಶಾಶ್ವತವಾಗಿ ಕೊಡದೆ ಬಾಡಿಗೆಯಂತೆ ಕೊಡುವುದು. ಗ್ರಾಹಕ ಸಂಪರ್ಕ ಪಡೆದಾಗ ಒಂದು ವಿಳಾಸ ಸಿಗುತ್ತದೆ, ಸಂಪರ್ಕ ಕಡಿದುಕೊಂಡರೆ ಅದು ಮತ್ತೊಬ್ಬನ ಪಾಲಾಗುತ್ತದೆ. 2007ರ ಪ್ರಕರಣದಲ್ಲಿ ಆದದ್ದು ಇದೇ. ಎರಡನೆಯದು, ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಹಲವು ಸಾಧನಗಳನ್ನು ಇರಿಸುವುದು. ಇದಕ್ಕೆಂದೇ 1996ರಲ್ಲಿ ಕೆಲವು ವಿಳಾಸಗಳನ್ನು ಖಾಸಗಿ ಬಳಕೆಗೆ ಮೀಸಲಿಟ್ಟರು. 192.168 ಎಂದು ಆರಂಭವಾಗುವ ವಿಳಾಸಗಳು ಇವುಗಳಲ್ಲಿ ಹೆಚ್ಚು ಪರಿಚಿತ. ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಂದು ಐದನೇ ಅಡ್ಡರಸ್ತೆ ಇರುವಂತೆ, ಜಗತ್ತಿನ ಲಕ್ಷಾಂತರ ಮನೆಗಳಲ್ಲಿ 192.168.1.5 ಎಂಬ ವಿಳಾಸ ಇದೆ. ಬಡಾವಣೆಯ ಹೆಸರಿಲ್ಲದೆ ಐದನೇ ಅಡ್ಡರಸ್ತೆ ಎಂದರೆ ಆಟೊ ಚಾಲಕ ಏನು ಮಾಡಿಯಾನು? ಈ ಖಾಸಗಿ ವಿಳಾಸ ಮನೆಯ ಹೊಸ್ತಿಲು ದಾಟುವುದಿಲ್ಲ. ಹೊರಜಗತ್ತಿಗೆ ಕಾಣುವುದು ರೌಟರಿನ ಒಂದೇ ಸಾರ್ವಜನಿಕ ವಿಳಾಸ.

ಇದರ ಪರಿಣಾಮವನ್ನು ನಮ್ಮ ಮನೆಗಳಲ್ಲೇ ನೋಡಬಹುದು. ಗಂಡ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಮಹಡಿಯ ಮೇಲಿನ ಬಾಡಿಗೆಯವರು, ಹಬ್ಬಕ್ಕೆ ಬಂದ ನೆಂಟರು ಎಲ್ಲರೂ ಒಂದೇ ವೈಫೈ ಬಳಸುತ್ತಾರೆ. ಪಾಸ್‌ವರ್ಡ್ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿರುತ್ತದೆ. ಪಿಜಿಗಳಲ್ಲಿ ಹತ್ತಾರು ಹುಡುಗರು ಒಂದೇ ಸಂಪರ್ಕದಲ್ಲಿರುತ್ತಾರೆ. ಇವರೆಲ್ಲರೂ ಹೊರಗಿನ ಜಾಲತಾಣಗಳಿಗೆ ಒಂದೇ ವಿಳಾಸದಿಂದ ಬಂದವರಾಗಿ ಕಾಣುತ್ತಾರೆ. ಸೇವಾ ಕಂಪನಿಯ ದಾಖಲೆ ತೋರಿಸುವುದು ಬಿಲ್ಲು ಕಟ್ಟುವ ಯಜಮಾನನ ಹೆಸರನ್ನು. ಅಪರಾಧ ಮಾಡಿದವನ ಹೆಸರು ಅದೇ ಆಗಿರಬೇಕೆಂದಿಲ್ಲ. ಪ್ರತಿ ಸಾಧನಕ್ಕೂ ತಯಾರಕರು ಕೊಟ್ಟ ಬೇರೊಂದು ಗುರುತು, ಮ್ಯಾಕ್ ವಿಳಾಸ, ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದು ಸಾಮಾನ್ಯವಾಗಿ ಮನೆಯ ರೌಟರಿನಾಚೆಗೆ ಹೋಗುವುದಿಲ್ಲ. ಸಾಲದ್ದಕ್ಕೆ ಇಂದಿನ ಮೊಬೈಲುಗಳು ಖಾಸಗಿತನದ ರಕ್ಷಣೆಗೆಂದು ಜಾಲಕ್ಕೊಂದರಂತೆ ಕಲ್ಪಿತ ಮ್ಯಾಕ್ ವಿಳಾಸವನ್ನು ತೋರಿಸುತ್ತವೆ.

ಮೊಬೈಲ್ ಇಂಟರ್ನೆಟ್ ವ್ಯಾಪಿಸಿದ ಮೇಲೆ ಈ ಹಂಚಿಕೆ ಮನೆಯ ಮಟ್ಟದಿಂದ ಕಂಪನಿಯ ಮಟ್ಟಕ್ಕೆ ಏರಿತು. ಸೇವಾ ಕಂಪನಿಗಳೇ ಒಂದು ಸಾರ್ವಜನಿಕ ವಿಳಾಸದ ಹಿಂದೆ ನೂರಾರು, ಕೆಲವೊಮ್ಮೆ ಸಾವಿರಾರು ಗ್ರಾಹಕರನ್ನು ಒಟ್ಟಿಗೆ ಇರಿಸುತ್ತವೆ. ಇದಕ್ಕೆಂದು 2012ರಲ್ಲಿ ಪ್ರತ್ಯೇಕ ವಿಳಾಸ ಸರಣಿಯೊಂದನ್ನೇ ಮೀಸಲಿಡಲಾಯಿತು. ಯಾವ ಮಾಹಿತಿ ಯಾವ ಗ್ರಾಹಕನಿಗೆ ಎಂಬುದನ್ನು ಕಂಪನಿಯ ಯಂತ್ರಗಳು ಪೋರ್ಟ್ ಎಂಬ ಇನ್ನೊಂದು ಸಂಖ್ಯೆಯಿಂದ ನಿರ್ಧರಿಸುತ್ತವೆ. ಒಂದು ವಿಳಾಸಕ್ಕೆ 65,536 ಪೋರ್ಟ್‌ಗಳಿವೆ. ಅವನ್ನು ಗ್ರಾಹಕರಲ್ಲಿ ಹಂಚಲಾಗುತ್ತದೆ. ಹಾಗಾಗಿ ಇಂಥ ದಿನ, ಇಂಥ ಹೊತ್ತಿನಲ್ಲಿ ಈ ವಿಳಾಸ ಯಾರದು ಎಂದು ಕೇಳಿದರೆ ಪ್ರಾಮಾಣಿಕವಾದ ಉತ್ತರ ಒಬ್ಬರ ಹೆಸರಲ್ಲ, ಒಂದು ಊರಿನ ಮತದಾರರ ಪಟ್ಟಿಯಷ್ಟು ಉದ್ದದ ಹೆಸರುಗಳ ಸಾಲು. ಪೋರ್ಟ್ ಸಂಖ್ಯೆ ಮತ್ತು ಕ್ಷಣದ ನಿಖರತೆ ಇದ್ದರೆ ಮಾತ್ರ ಪಟ್ಟಿ ಕಿರಿದಾಗುತ್ತದೆ. ಜಾಲತಾಣಗಳು ಪೋರ್ಟ್ ಸಂಖ್ಯೆಯನ್ನೂ ದಾಖಲಿಸಬೇಕೆಂದು ಅಂತರ್ಜಾಲದ ತಾಂತ್ರಿಕ ಮಾನದಂಡ ರೂಪಿಸುವ ತಜ್ಞರು 2011ರಲ್ಲೇ ಶಿಫಾರಸು ಮಾಡಿದರು. ಆದರೆ ಶಿಫಾರಸು ಶಿಫಾರಸಷ್ಟೇ. ಅದನ್ನು ಪಾಲಿಸುವಂತೆ ಒತ್ತಾಯಿಸುವ ಅಧಿಕಾರ ಅವರಿಗಿಲ್ಲ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಕೂಡ 2017ರಲ್ಲಿ ಈ ಪದ್ಧತಿಯ ವಿರುದ್ಧ ದನಿಯೆತ್ತಿತು. ಅಪರಾಧಿಯೊಂದಿಗೆ ಒಂದೇ ವಿಳಾಸ ಹಂಚಿಕೊಂಡಿರುವ ನಿರಪರಾಧಿಗಳೂ ಅನುಮಾನದ ಬಲೆಗೆ ಬೀಳುತ್ತಾರೆ ಎಂಬುದು ಅದರ ಕಳವಳಗಳಲ್ಲಿ ಒಂದಾಗಿತ್ತು.

ವಿಳಾಸದಿಂದ ಊರು ತಿಳಿಯಬಹುದೆಂಬ ನಂಬಿಕೆಯೂ ಎಷ್ಟು ದುರ್ಬಲ ಎಂಬುದಕ್ಕೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ತೋಟದ ಮನೆಯ ಕಥೆ ಸಾಕು. ಐಪಿ ವಿಳಾಸ ಯಾವ ಪ್ರದೇಶದ್ದೆಂದು ಅಂದಾಜಿಸುವ ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, ಅಮೆರಿಕದ್ದು ಎಂಬುದಕ್ಕಿಂತ ಹೆಚ್ಚೇನೂ ತಿಳಿಯದ ವಿಳಾಸಗಳಿಗೆಲ್ಲ ದೇಶದ ನಡುಭಾಗದ ಒಂದು ಬಿಂದುವನ್ನು ಸೂಚಿಸುತ್ತಿತ್ತು. ಆ ಬಿಂದು ಪಾಟ್ವಿನ್ ಎಂಬ ಸಣ್ಣ ಊರಿನ ಸಮೀಪದ ಈ ತೋಟದ ಮೇಲೆ ಬಿದ್ದಿತ್ತು. 2016ರಲ್ಲಿ ಪತ್ರಕರ್ತೆಯೊಬ್ಬರು ಬೆಳಕಿಗೆ ತಂದಂತೆ, 60 ಕೋಟಿಗೂ ಹೆಚ್ಚು ವಿಳಾಸಗಳ ಮೂಲ ಆ ತೋಟವೆಂದೇ ದಾಖಲೆ ಹೇಳುತ್ತಿತ್ತು. ಕಳ್ಳರನ್ನು, ವಂಚಕರನ್ನು, ಕಾಣೆಯಾದವರನ್ನು ಹುಡುಕುತ್ತ ಅಧಿಕಾರಿಗಳೂ ಸಿಟ್ಟಿಗೆದ್ದ ಜನರೂ ವರ್ಷಗಟ್ಟಲೆ ಆ ಮನೆಯ ಬಾಗಿಲು ಬಡಿದರು. ಕೊನೆಗೆ ಕಂಪನಿ ಆ ಬಿಂದುವನ್ನು ಒಂದು ಜಲಾಶಯದ ನಡುವಿಗೆ ಸರಿಸಿತು. ಅಂಕಿಯೊಂದು ಪರದೆಯ ಮೇಲೆ ಮೂಡಿದೊಡನೆ ಅದನ್ನು ಸತ್ಯವೆಂದು ಭಾವಿಸುವ ಮನಸ್ಸಿನ ರೋಗ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ.

ನ್ಯಾಯಾಲಯಗಳು ನಿಧಾನವಾಗಿಯಾದರೂ ಈ ಅಂತರವನ್ನು ಗುರುತಿಸುತ್ತಿವೆ. ಸಿನಿಮಾವೊಂದನ್ನು ಅಕ್ರಮವಾಗಿ ಇಳಿಸಿಕೊಂಡ ಪ್ರಕರಣದಲ್ಲಿ ಅಮೆರಿಕದ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ತೀರ್ಪು ನೀಡಿತು. ಅಲ್ಲಿ ಸಂಪರ್ಕ ಒಬ್ಬರ ಹೆಸರಿನಲ್ಲಿದ್ದರೂ ಅದು ಆರೈಕೆ ಕೇಂದ್ರವೊಂದರದು. ನಿವಾಸಿಗಳೂ ಸಂದರ್ಶಕರೂ ಅದನ್ನು ಬಳಸಬಹುದಾಗಿತ್ತು. ಸಂಪರ್ಕದ ಚಂದಾದಾರ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೊಣೆಯಾಗಿಸಲಾಗದು ಎಂಬುದು ತೀರ್ಪಿನ ಸಾರ. ಇನ್ನೊಂದೆಡೆ, 2016ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಬದಲಾಗುವ ಐಪಿ ವಿಳಾಸವೂ ಕೆಲವು ಸಂದರ್ಭಗಳಲ್ಲಿ ವೈಯಕ್ತಿಕ ಮಾಹಿತಿಯೇ ಎಂದಿತು. 2024ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಐಪಿ ವಿಳಾಸದ ವಿಷಯದಲ್ಲಿ ನಾಗರಿಕರಿಗೆ ಖಾಸಗಿತನದ ನ್ಯಾಯಯುತ ನಿರೀಕ್ಷೆ ಇದೆಯೆಂದು ಐದು-ನಾಲ್ಕರ ಬಹುಮತದಿಂದ ಹೇಳಿತು.

ಈ ತೀರ್ಪುಗಳಲ್ಲಿ ವಿರೋಧಾಭಾಸವಿದೆಯೇ? ಮೇಲುನೋಟಕ್ಕೆ ಹಾಗೆ ಕಾಣುತ್ತದೆ. ಒಂದು ಕಡೆ ವಿಳಾಸ ವ್ಯಕ್ತಿಯನ್ನು ಗುರುತಿಸುವುದಿಲ್ಲ ಎನ್ನುತ್ತೇವೆ, ಇನ್ನೊಂದು ಕಡೆ ಅದು ವೈಯಕ್ತಿಕ ಮಾಹಿತಿ ಎನ್ನುತ್ತೇವೆ. ನಿಜವೇನೆಂದರೆ ಎರಡೂ ಸರಿ. ವಿಳಾಸವೊಂದೇ ಯಾರ ಅಪರಾಧವನ್ನೂ ಸಾಬೀತು ಮಾಡದು. ಆದರೆ ಬೇರೆ ದಾಖಲೆಗಳೊಂದಿಗೆ ಜೋಡಿಸಿದಾಗ ಒಬ್ಬ ವ್ಯಕ್ತಿ ಏನು ಓದಿದ, ಯಾವ ಕಾಯಿಲೆಯ ಬಗ್ಗೆ ಹುಡುಕಿದ, ಯಾವ ಹೊತ್ತಿನಲ್ಲಿ ಮನೆಯಲ್ಲಿದ್ದ ಎಂಬುದನ್ನೆಲ್ಲ ಅದು ಬಿಚ್ಚಿಡಬಲ್ಲದು. ದುರ್ಬಲ ಸಾಕ್ಷಿಯೂ ಪ್ರಬಲ ಗೂಢಚಾರನೂ ಆಗಿರುವುದೇ ಇದರ ಅಪಾಯ. ನಿವೃತ್ತ ನ್ಯಾಯಮೂರ್ತಿ, ನಮ್ಮವರೇ ಆದ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೇಲೆ ಈ ಪ್ರಶ್ನೆಯನ್ನು ನಾವೂ ಗಂಭೀರವಾಗಿ ಎತ್ತಿಕೊಳ್ಳಬೇಕಾಗಿದೆ.

ಐಪಿವಿ6 ಬಂದಿದೆಯಲ್ಲ, ಇನ್ನು ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಸಿಗುತ್ತದೆ, ಗೊಂದಲ ತಪ್ಪುತ್ತದೆ ಎಂದು ಹೇಳುವವರಿದ್ದಾರೆ. ಅದರಲ್ಲಿ ವಿಳಾಸಗಳಿಗೆ ಬರವಿಲ್ಲವೆಂಬುದು ನಿಜ. 34ರ ಮುಂದೆ 37 ಸೊನ್ನೆ ಬರೆದರೆ ಎಷ್ಟಾಗುತ್ತದೋ ಸರಿಸುಮಾರು ಅಷ್ಟು ವಿಳಾಸಗಳಿವೆ. ಇದರ ಬಳಕೆಯಲ್ಲಿ ಭಾರತ ಇಂದು ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದು. ಆದರೆ ಆರಂಭದ ವಿನ್ಯಾಸದಲ್ಲಿ ವಿಳಾಸದ ಕೊನೆಯ ಅರ್ಧವನ್ನು ಸಾಧನದ ಮ್ಯಾಕ್ ವಿಳಾಸದಿಂದಲೇ ಪಡೆಯುವ ಕ್ರಮವಿತ್ತು. ಮನೆಯಲ್ಲಿರಲಿ, ಕಚೇರಿಯಲ್ಲಿರಲಿ, ವಿಮಾನ ನಿಲ್ದಾಣದಲ್ಲಿರಲಿ, ಅದೇ ಬಾಲ ಹಿಂಬಾಲಿಸುತ್ತಿತ್ತು. ಇದು ನಾಗರಿಕರ ಬೆನ್ನಿಗೆ ಗಂಟೆ ಕಟ್ಟಿದಂತೆ ಎಂಬ ಆಕ್ಷೇಪ ಬಂದಾಗ, ಆಗಾಗ ಬದಲಾಗುವ ತಾತ್ಕಾಲಿಕ ವಿಳಾಸಗಳ ಪದ್ಧತಿಯನ್ನು 2001ರಲ್ಲಿ ರೂಪಿಸಲಾಯಿತು. ಹೀಗಾಗಿ ಇಲ್ಲಿಯೂ ವಿಳಾಸದ ಬಹುಪಾಲು ಸ್ಥಿರತೆ ಇರುವುದು ಜಾಲದ ಭಾಗದಲ್ಲೇ. ಸಾಧನ ಗೊತ್ತಾದರೂ ಅದರ ಮುಂದೆ ಕುಳಿತವರು ಯಾರು ಎಂಬ ಪ್ರಶ್ನೆಗೆ ಯಾವ ಪದ್ಧತಿಯಲ್ಲೂ ಉತ್ತರವಿಲ್ಲ.

ಹಾಗೆಂದು ಪೊಲೀಸರು ಐಪಿ ವಿಳಾಸವನ್ನು ಬಳಸಲೇಬಾರದು ಎನ್ನುವುದು ಮೂರ್ಖತನವಾದೀತು. ಜೀವಮಾನದ ಉಳಿತಾಯವನ್ನು ಆನ್‌ಲೈನ್ ವಂಚಕರಿಗೆ ಕಳೆದುಕೊಂಡ ನಿವೃತ್ತ ನೌಕರರು, ಚಿತ್ರಗಳನ್ನು ತಿರುಚಿ ಬೆದರಿಸಲ್ಪಟ್ಟ ಹೆಣ್ಣುಮಕ್ಕಳು ಠಾಣೆಯ ಮೆಟ್ಟಿಲೇರಿದಾಗ ತನಿಖಾಧಿಕಾರಿಯ ಕೈಗೆ ಮೊದಲು ಸಿಗುವ ಎಳೆ ಅದೇ. ದೂರುಗಳು ರಾಶಿ ಬಿದ್ದಿರುತ್ತವೆ, ಸಿಬ್ಬಂದಿ ಕಡಿಮೆ, ಮೇಲಿನಿಂದ ಒತ್ತಡ ಹೆಚ್ಚು. ಇಂಥ ಸ್ಥಿತಿಯಲ್ಲಿ ಸಿಕ್ಕ ಎಳೆಯನ್ನೇ ಹಗ್ಗವೆಂದು ಭಾವಿಸುವುದು ಮನುಷ್ಯ ಸಹಜ. ಆದರೆ ಎಳೆಯ ಆಸರೆಯಿಂದ ತನಿಖೆಯನ್ನು ಆರಂಭಿಸಬಹುದೇ ಹೊರತು ಅದರಿಂದ ಕೈಕೋಳ ಹೆಣೆಯಲಾಗದು.

ಮಾಡಬೇಕಾದದ್ದು ಅಸಾಧ್ಯವಾದದ್ದೇನೂ ಅಲ್ಲ. ವಿಳಾಸದ ಒಡೆಯನ ಬಗ್ಗೆ ಮಾಹಿತಿ ಕೋರುವ ಪತ್ರದಲ್ಲಿ ದಿನಾಂಕ, 24 ಗಂಟೆಯ ಕ್ರಮದಲ್ಲಿ ಸಮಯ, ಸೆಕೆಂಡು, ಪೋರ್ಟ್ ಸಂಖ್ಯೆ ಇವೆಲ್ಲ ಕಡ್ಡಾಯವಾಗಿರಬೇಕು. ಜೊತೆಗೆ ಅದು ಯಾವ ದೇಶದ ಸಮಯ ಎಂಬುದೂ ಇರಬೇಕು. ವಿದೇಶಿ ಕಂಪನಿಗಳ ದಾಖಲೆಗಳು ಹೆಚ್ಚಾಗಿ ಜಾಗತಿಕ ಪ್ರಮಾಣ ಸಮಯದಲ್ಲಿರುತ್ತವೆ. ಅಲ್ಲಿ 1 ಗಂಟೆ 15 ನಿಮಿಷವಾದಾಗ ನಮ್ಮಲ್ಲಿ 6 ಗಂಟೆ 45 ನಿಮಿಷ. ಐದೂವರೆ ಗಂಟೆಯ ಈ ಲೆಕ್ಕ ತಪ್ಪಿದರೆ ಮತ್ತೊಬ್ಬ ನಿರಪರಾಧಿಯ ಮನೆಯ ಕರೆಗಂಟೆ ಬಾರಿಸುತ್ತದೆ. ಸಂಸ್ಥೆಗಳು ತಮ್ಮ ಕಂಪ್ಯೂಟರುಗಳ ಗಡಿಯಾರಗಳನ್ನು ರಾಷ್ಟ್ರೀಯ ಪ್ರಮಾಣ ಸಮಯಕ್ಕೆ ಹೊಂದಿಸಬೇಕೆಂದೂ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕೆಂದೂ ಕೇಂದ್ರದ ಸರ್ಟ್-ಇನ್ 2022ರಲ್ಲಿ ಸೂಚಿಸಿತು. ದೂರಸಂಪರ್ಕ ಕಂಪನಿಗಳು ಐಪಿ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಕಾಯ್ದಿಡಬೇಕೆಂದು 2021ರ ಪರವಾನಗಿ ತಿದ್ದುಪಡಿ ಹೇಳುತ್ತದೆ. ದಾಖಲೆ ಕೂಡಿಡುವ ವಿಷಯದಲ್ಲಿ ಸರ್ಕಾರ ತೋರಿದ ಈ ಉತ್ಸಾಹ, ಅದನ್ನು ಸರಿಯಾಗಿ ಓದುವುದನ್ನು ಕಲಿಸುವಲ್ಲೂ ಕಾಣಬೇಕಲ್ಲವೇ?

ಎರಡನೆಯದಾಗಿ, ಐಪಿ ವಿಳಾಸವೊಂದನ್ನೇ ಆಧರಿಸಿ ಬಂಧಿಸುವುದು ನಿಲ್ಲಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಕೂಡದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ವಶಪಡಿಸಿಕೊಂಡ ಸಾಧನದ ಪರೀಕ್ಷೆ, ಖಾತೆಯ ನೋಂದಣಿಗೆ ಬಳಸಿದ ಫೋನ್ ಸಂಖ್ಯೆ, ಹಣದ ಜಾಡು ಹೀಗೆ ಮತ್ತೊಂದು ಸ್ವತಂತ್ರ ಪುರಾವೆ ಆ ವಿಳಾಸಕ್ಕೆ ಬೆಂಬಲವಾಗಿ ನಿಲ್ಲುತ್ತದೆಯೇ ಎಂದು ರಿಮಾಂಡಿಗೆ ಸಹಿ ಹಾಕುವ ಮುನ್ನ ಮ್ಯಾಜಿಸ್ಟ್ರೇಟರು ಕೇಳಬೇಕು. ಮೂರನೆಯದಾಗಿ, ಸೇವಾ ಕಂಪನಿಗಳು ಒಂದು ಹೆಸರನ್ನು ಬರೆದು ಕೈತೊಳೆದುಕೊಳ್ಳಬಾರದು. ಆ ಹೊತ್ತಿನಲ್ಲಿ ಆ ವಿಳಾಸವನ್ನು ಎಷ್ಟು ಗ್ರಾಹಕರು ಹಂಚಿಕೊಂಡಿದ್ದರು ಎಂಬುದನ್ನೂ ತಮ್ಮ ಉತ್ತರದಲ್ಲಿ ನಮೂದಿಸಬೇಕು. ತಪ್ಪಾದರೆ ಪರಿಹಾರ ಕೊಡುವ ಹೊಣೆ ಅವರದೂ ತನಿಖಾ ಸಂಸ್ಥೆಯದೂ ಆಗಬೇಕು. ಆಯೋಗದ ಮುಂದೆ ವರ್ಷಗಟ್ಟಲೆ ನಿಲ್ಲುವ ಸ್ಥಿತಿ ಸಂತ್ರಸ್ತನಿಗೆ ಬರಬಾರದು.

ನಾಗರಿಕರ ಪಾಲಿನ ಕರ್ತವ್ಯವೂ ಇದೆ. ವೈಫೈ ಪಾಸ್‌ವರ್ಡನ್ನು ಪ್ರಸಾದದಂತೆ ಹಂಚುವ ಅಭ್ಯಾಸ ಬಿಡಬೇಕು, ರೌಟರ್ ಕೊಂಡಾಗ ಬಂದ ಪಾಸ್‌ವರ್ಡನ್ನು ಬದಲಿಸಬೇಕು. ಆದರೆ ಬಾಗಿಲು ಭದ್ರಪಡಿಸದವನು ಅಪರಾಧಿ ಎಂದು ಯಾವ ಕಾನೂನೂ ಹೇಳುವುದಿಲ್ಲ.

ವಠಾರದ ಒಂದು ಮನೆಯಲ್ಲಿ ಕಳ್ಳತನದ ಮಾಲು ಸಿಕ್ಕಿದರೆ ಹೆಬ್ಬಾಗಿಲಿನ ಮೇಲೆ ಹೆಸರಿರುವ ಯಜಮಾನನನ್ನೇ ಎಳೆದೊಯ್ಯುವುದು ನ್ಯಾಯವಲ್ಲ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಐಪಿ ವಿಳಾಸ ಅಂಥದೇ ಒಂದು ಹೆಬ್ಬಾಗಿಲು. 2007ರಲ್ಲಿ ಅದನ್ನು ತಿಳಿಯದವರ ಕೈಯಲ್ಲಿ ಸಿಕ್ಕಿ ಒಬ್ಬ ಎಂಜಿನಿಯರ್ ಐವತ್ತು ದಿನ ಕಳೆದುಕೊಂಡರು. ಕಂಪ್ಯೂಟರ್ ಬಲ್ಲ, ಕೆಲಸದಲ್ಲಿದ್ದ, ಪತ್ರಿಕೆಗಳ ಗಮನ ಸೆಳೆಯಬಲ್ಲ ವ್ಯಕ್ತಿಯ ಪಾಡೇ ಹೀಗಾದರೆ, ಈ ಅಂಕಿಗಳ ತಲೆಬುಡ ತಿಳಿಯದ ಒಬ್ಬ ಮೊಬೈಲ್ ಅಂಗಡಿಯವನ ಅಥವಾ ಪಿಜಿ ನಡೆಸುವ ಮಹಿಳೆಯ ಗತಿಯೇನು? ಅವರ ಪರವಾಗಿ ಪ್ರಶ್ನೆ ಕೇಳಬೇಕಾದ ಮೊದಲಿಗರು ತನಿಖಾಧಿಕಾರಿ ಮತ್ತು ನ್ಯಾಯಾಧೀಶರು. ವಿಳಾಸ ಸಿಕ್ಕಿತು, ವ್ಯಕ್ತಿ ಸಿಕ್ಕನೇ ಎಂಬ ಆ ಒಂದು ಪ್ರಶ್ನೆಯನ್ನು ಬಂಧನಕ್ಕೆ ಮೊದಲೇ ಕೇಳಿದರೆ ಸಾಕು.